ಸಿಂಡ್ರೆಲಾ ಅರಮನೆಯ ಊಟಕ್ಕೂ ತತ್ಕಾಲ್ ಲೆಕ್ಕ

ಬೆಳಗ್ಗೆ 10ಕ್ಕೆ ತತ್ಕಾಲ್ ತೆರೆಯೋಕೆ ಮುಂಚೆ ಮನೆಮಂದಿಯೆಲ್ಲ ಮೂರು ಫೋನು, ಒಂದು ಲ್ಯಾಪ್‌ಟಾಪ್ ಹಿಡಿದು ಕೂರ್ತೀವಲ್ಲ, ಅಮೆರಿಕದಲ್ಲಿ ಅದೇ ದೃಶ್ಯ ಬೆಳಗಿನ ಜಾವ ನಡೆಯುತ್ತೆ. ರೈಲಿಗಲ್ಲ, ಊಟದ ಟೇಬಲ್‌ಗೆ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಕೋಟೆಯೊಳಗಿರುವ ಸಿಂಡ್ರೆಲಾಸ್ ರಾಯಲ್ ಟೇಬಲ್, ಎಪ್ಕಾಟ್ ಪಾರ್ಕಿನಲ್ಲಿ ಬಾಹ್ಯಾಕಾಶ ನಿಲ್ದಾಣದಂತೆ ಕಟ್ಟಿರುವ ಸ್ಪೇಸ್ 220, ಇಂಥ ಕಡೆ ಕೂರಬೇಕು ಅಂದ್ರೆ 60 ದಿನ ಮುಂಚೆ, ಅಲ್ಲಿನ ಬೆಳಗ್ಗೆ 6ರ ಹೊತ್ತಿಗೆ ಎದ್ದು ಕೂತಿರಬೇಕು. ಸಿಯಾಟಲ್‌ನ ಕನ್ನಡದ ಟೆಕ್ಕಿಗೆ ಅದು ರಾತ್ರಿ 3. ಬೇಸಿಗೆಯಲ್ಲಿ ಬೆಂಗಳೂರಿಗೆ ಮಧ್ಯಾಹ್ನ 3:30. ಹಾಗಾಗಿಯೇ ಒಮ್ಮೆ ಅಕ್ಕನ ಮನೆಯವರ ಬುಕಿಂಗ್ ಕೆಲಸ ನನ್ನ ತಲೆಗೆ ಬಂತು. ಅಪ್ಪ ಅಮ್ಮ ಅಲ್ಲಿಗೆ ಹೋಗೋದು ಬಹುಶಃ ಅದೊಂದೇ ಸಲ. ಮೊಮ್ಮಗಳ ಜೊತೆ ಕೋಟೆಯಲ್ಲಿ ಊಟ ಅಂತ ಮೈಸೂರಿನ ನೆಂಟರಿಗೆಲ್ಲ ಆಗಲೇ ಹೇಳಿಯಾಗಿತ್ತು.

ಎಲ್ಲರಿಗೂ ಒಂದೇ ಗಡಿಯಾರ, ಮೊದಲು ಬಂದವರಿಗೆ ಮೊದಲ ಆದ್ಯತೆ, ಇದರಲ್ಲಿ ಅನ್ಯಾಯ ಏನಿದೆ ಅನ್ನಿಸಬಹುದು. ಆದರೆ ಗಡಿಯಾರ ಒಂದೇ ಅಲ್ಲ. ಡಿಸ್ನಿಯದೇ ಹೋಟೆಲಿನಲ್ಲಿ ಉಳಿಯುವವರು ತಾವು ಬಂದಿಳಿಯುವ ದಿನಕ್ಕೆ 60 ದಿನ ಮುಂಚೆ, ಆ ಒಂದು ದಿನದ್ದಲ್ಲ, ವಾಸ್ತವ್ಯದ ಗರಿಷ್ಠ 10 ದಿನಗಳವರೆಗಿನ ಊಟವನ್ನು ಒಟ್ಟಿಗೆ ಕಾದಿರಿಸಬಹುದು. ಒಂದನೇ ತಾರೀಕಿಗೆ ಬಂದವರು ಏಳನೇ ತಾರೀಕಿನ ಟೇಬಲ್ ಹಿಡಿದು ಆರು ದಿನ ಆದ ಮೇಲಷ್ಟೇ ಹೊರಗಿನ ಅಗ್ಗದ ಹೋಟೆಲಿನಲ್ಲಿ ಇಳಿಯುವವರಿಗೆ ಅದೇ ದಿನದ ಬಾಗಿಲು ತೆರೆಯೋದು. ಓಟ ಶುರುವಾಗೋ ಮೊದಲೇ ಕೆಲವರು ಅರ್ಧ ದಾರಿ ಓಡಿ ಆಗಿರುತ್ತೆ. ಊಟದ ಬೆಲೆ ಎಲ್ಲರಿಗೂ ಒಂದೇ, ಸರದಿಯ ಬೆಲೆ ಮಾತ್ರ ಹೋಟೆಲ್ ಬಿಲ್ಲಿನಲ್ಲಿ ಸೇರಿದೆ. ಕಂಪನಿಯ ಕಡೆಯಿಂದ ನೋಡಿದರೆ ಜಾಣ ವ್ಯಾಪಾರವೇ, ಇಲ್ಲ ಅನ್ನೋಲ್ಲ.

ಇದನ್ನೇ ನಿಮ್ಮ ಪರವಾಗಿ ಬಳಸಿಕೊಳ್ಳಬಹುದು. ಅಲ್ಲೇ ಉಳಿಯುವವರಾದರೆ ಅತಿ ಕಷ್ಟದ ಟೇಬಲ್‌ ಅನ್ನು ಪ್ರವಾಸದ ಕೊನೆಯ ದಿನಗಳಿಗೆ ಹುಡುಕಿ, ಆ ತಾರೀಕಿಗೆ ಪೈಪೋಟಿ ಇನ್ನೂ ಕಡಿಮೆ. ಮೊದಲ ದಿನದ್ದಕ್ಕೆ ಕೈಹಾಕಿದರೆ ನಿಮಗಿಂತ ಮುಂಚೆ ಬಂದವರು ತಿಂದು ಬಿಟ್ಟದ್ದೇ ಗತಿ. ಮಡಿಲ ಕೂಸನ್ನೂ ಸೇರಿಸಿ ತಲೆ ಎಣಿಸಿ. ಆರು ಜನಕ್ಕೆ ಇಲ್ಲ ಅಂತ ತೋರಿಸಿದರೆ ನಾಲ್ಕು, ಎರಡು ಅಂತ ಒಡೆದು ಹಾಕಿ ನೋಡಿ.

ಸಿಗಲಿಲ್ಲವೇ? ಕತೆ ಮುಗಿದಿಲ್ಲ. ಕಾದಿರಿಸಿ ಹೋಗದೇ ಇದ್ದರೆ ಹೆಚ್ಚಿನ ಕಡೆ ತಲೆಗೆ 10 ಡಾಲರ್ ದಂಡ. ಆದರೆ ಗಡುವಿನೊಳಗೆ ರದ್ದು ಮಾಡಿದರೆ ಖರ್ಚಿಲ್ಲ. ಹಾಗಾಗಿ ಜನ ಮೊದಲು ಸಿಕ್ಕಿದ್ದೆಲ್ಲ ಬಾಚಿಕೊಂಡು, ಆಮೇಲೆ ಬೇಡದ್ದನ್ನು ಬಿಡುತ್ತಾರೆ. ಪ್ರವಾಸದ ಹಿಂದಿನ ದಿನ ಮತ್ತು ಆ ದಿನವೇ ಆ್ಯಪ್ ನೋಡುತ್ತಿದ್ದರೆ ಖಾಲಿ ಜಾಗ ಉದುರುತ್ತೆ. ನಮಗೂ ಕೋಟೆಯ ಊಟ ಸಿಕ್ಕಿದ್ದು ಹೀಗೇ.

ಇಲ್ಲೇ ದಲ್ಲಾಳಿಗಳು ಹುಟ್ಟೋದು. ಬೇಡಿಕೆಗಿಂತ ಕಡಿಮೆ ಬೆಲೆಗೆ, ನಿಗದಿತ ನಿಮಿಷಕ್ಕೆ ಬಿಡುಗಡೆಯಾಗುವ ಯಾವ ವಸ್ತುವಿಗಾದರೂ ಬಾಟ್ ಬರೆಯುವವನು ಒಬ್ಬ ಇದ್ದೇ ಇರುತ್ತಾನೆ (ಕಾಲೇಜಿನಲ್ಲಿ ನಾವೂ ಬರೆದವರೇ, ಇರಲಿ). ನ್ಯೂಯಾರ್ಕ್ ನಗರದ ಹೋಟೆಲುಗಳಲ್ಲಿ ಟೇಬಲ್ ಹಿಡಿದು ಮಾರುವ ದಂಧೆ ಎಷ್ಟು ಬೆಳೆಯಿತು ಅಂದ್ರೆ, ಹೋಟೆಲಿನ ಒಪ್ಪಂದ ಇಲ್ಲದೆ ಕಾಯ್ದಿರಿಸುವಿಕೆ ಮಾರುವುದನ್ನು ನಿಷೇಧಿಸುವ ಮಸೂದೆಗೆ ಗವರ್ನರ್ ಕ್ಯಾಥಿ ಹೋಕಲ್ 2024ರ ಡಿಸೆಂಬರಿನಲ್ಲಿ ಸಹಿ ಹಾಕಬೇಕಾಯಿತು. ಊಟದ ಟೇಬಲ್‌ಗೂ ಬ್ಲ್ಯಾಕ್ ಟಿಕೆಟ್ ಕಾನೂನು!

ನಮ್ಮ ರೈಲ್ವೆ ಇದೇ ರೋಗಕ್ಕೆ ಬೇರೆ ಔಷಧ ಹುಡುಕಿತು. ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನದಿಂದ 60ಕ್ಕೆ ಇಳಿಯಿತು. 2025ರ ಜುಲೈನಲ್ಲಿ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು, ಮೊದಲ ಅರ್ಧ ಗಂಟೆ ಏಜೆಂಟರಿಗೆ ತಡೆ ಬಿತ್ತು. ಡಿಸ್ನಿಯೂ ಕೊರೊನಾಗೆ ಮೊದಲು 180 ದಿನ ಮುಂಚೆ ಬುಕಿಂಗ್ ತೆರೆಯುತ್ತಿತ್ತು, ಈಗ 60. ಅವಧಿ ಚಿಕ್ಕದಾದರೆ ಸುಮ್ಮನೆ ಹಿಡಿದಿಟ್ಟುಕೊಳ್ಳೋದು ಕಡಿಮೆಯಾಗುತ್ತೆ, ನಿಜ. ಆದರೆ ಬೆರಳಿನ ವೇಗ, ಒಳ್ಳೆಯ ನೆಟ್‌ವರ್ಕ್, ಆ ಹೊತ್ತಿಗೆ ರಜೆ ಹಾಕಬಲ್ಲ ಕೆಲಸ, ಇವು ಯಾರ ಹತ್ತಿರ ಇವೆ ಅನ್ನೋ ಪ್ರಶ್ನೆ ಎರಡೂ ಕಡೆ ಹಾಗೇ ಉಳಿಯುತ್ತೆ. ನನಗೆ ಕೇಳಿದರೆ, ಒಂದು ದಿನ ಪೂರ್ತಿ ಅರ್ಜಿ ತೆಗೆದುಕೊಂಡು ಸಂಜೆ ಚೀಟಿ ಎತ್ತೋದೇ ಸರಿ. ಬಾಟ್‌ಗೂ ನನ್ನಮ್ಮನಿಗೂ ಆಗ ಒಂದೇ ಅವಕಾಶ. ಆದರೆ ಹಾಗೆ ಮಾಡಿದರೆ ಡಿಸ್ನಿ ತನ್ನ ಹೋಟೆಲ್ ಕೋಣೆಯನ್ನು ಏನು ಹೇಳಿ ಮಾರುತ್ತೆ?