ಟವೆಲ್ ಕೆಳಗಿನ ರೇಟು

ಹಾವೇರಿ ಕಡೆಯ ದನದ ಸಂತೆ ನೋಡಿದ್ದೀರಾ? ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ರೇಟು ಹೇಳ್ತಾರೆ. ಸುತ್ತ ನಿಂತವರಿಗೆ ಎತ್ತು ಕಾಣುತ್ತೆ, ರೇಟು ಕಾಣಲ್ಲ. ಖಾಸಗಿತನದ ಕ್ರಿಪ್ಟೋ ನಾಣ್ಯ ಇದೇ ಕೆಲಸವನ್ನು ಗಣಿತದಿಂದ ಮಾಡುತ್ತೆ.

ಬಿಟ್‌ಕಾಯಿನ್ ಗುಟ್ಟಿನ ಹಣ ಅಂತ ಬಹಳ ಜನ ನಂಬಿದ್ದಾರೆ. ಅಲ್ಲ. ಅದರ ಖಾತೆ ಪುಸ್ತಕ ಎಲ್ಲರ ಮುಂದೆ ತೆರೆದೇ ಇರುತ್ತೆ. ಯಾವ ವಿಳಾಸ ನಿಮ್ಮದು ಅಂತ ಒಮ್ಮೆ ಗೊತ್ತಾದರೆ ಅದರ ಹಿಂದಿನ ವ್ಯವಹಾರವೆಲ್ಲ ಬಯಲು. 2014ರಲ್ಲಿ ಮೊನೆರೊ, 2016ರಲ್ಲಿ ಜೀಕ್ಯಾಶ್ ಬಂದದ್ದು ಇದಕ್ಕೇ.

ಹಾಗಾದರೆ ಇವುಗಳ ಮೊಬೈಲ್ ವ್ಯಾಲೆಟ್‌ಗೆ ಮುಂದೆ ಏನೇನು ಸೇರಬೇಕು? ನಾನು ಎರಡೇ ಹೇಳ್ತೀನಿ.

ಒಂದು, ತೋರಿಸುವ ದಾರಿ. ಬ್ಯಾಡಗಿ ಮೆಣಸಿನಕಾಯಿ ಇ-ಟೆಂಡರ್‌ನಲ್ಲಿ ಒಬ್ಬ ವರ್ತಕ ಹಾಕಿದ ದರ ಇನ್ನೊಬ್ಬನಿಗೆ ಕಾಣಲ್ಲ. ಟೆಂಡರ್ ತೆರೆದ ಮೇಲೆ ರೈತನಿಗೆ ಗೊತ್ತಾಗಲೇಬೇಕು. ಈ ನಾಣ್ಯಗಳಲ್ಲೂ ‘ನೋಡುವ ಕೀಲಿ’ ಇದೆ. ಅದನ್ನು ಲೆಕ್ಕಪರಿಶೋಧಕರಿಗೆ ಕೊಟ್ಟರೆ ಬಂದ ಹಣ ನೋಡಬಹುದು, ಮುಟ್ಟೋಕಾಗಲ್ಲ. 2022ರಿಂದ ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ ಇದೆ. ಹಾಗಾಗಿ ಈ ಕೀಲಿ ಒಂದು ಬಟನ್ ಒತ್ತಿದರೆ ಸಿಗಬೇಕು.

ಎರಡು, ಕನ್ನಡ. ಫೋನ್ ಕಳೆದರೆ ಹಣ ಉಳಿಸೋದು 24 ಅಥವಾ 25 ಪದಗಳ ಒಂದು ಸಾಲು. ಆ ಪದಪಟ್ಟಿಗಳಲ್ಲಿ ಕನ್ನಡ ಇಲ್ಲ. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಇಂಗ್ಲಿಷ್ ಪದ ತಪ್ಪಾಗಿ ಬರೆದಿಟ್ಟುಕೊಂಡರೆ? ಹೋಗಿ ಕೇಳೋಕೆ ಬ್ಯಾಂಕ್ ಮ್ಯಾನೇಜರ್ ಇಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಎಲ್ಲರದು ಅಂದಮೇಲೆ ಅದರ ಕೀಲಿ ಇಂಗ್ಲಿಷ್ ಬಲ್ಲವರ ಕೈಯಲ್ಲಿ ಮಾತ್ರ ಇರಬಾರದು.