ಎರಡು ಕೇಬಲ್, ಒಂದೇ ನಂಟು

ಕಚೇರಿಯೊಂದರ ಸರ್ವರ್ ಕೋಣೆ. ಕಬ್ಬಿಣದ ರ‍್ಯಾಕಿನಲ್ಲಿ ಕೂತ ಸರ್ವರ್‌ನ ಬೆನ್ನಿನಿಂದ ಎರಡು ನೀಲಿ ಕೇಬಲ್‌ಗಳು ಹೊರಟು ಮೇಲಿನ ಸ್ವಿಚ್ಚಿನ ಎರಡು ಪೋರ್ಟ್‌ಗಳನ್ನು ಸೇರಿವೆ. ಒಂದೊಂದರ ವೇಗ ಸೆಕೆಂಡಿಗೆ 1 ಗಿಗಾಬಿಟ್. ಇಲ್ಲಿಂದ 100 ಗಿಗಾಬೈಟ್‌ನ ಒಂದು ಬ್ಯಾಕಪ್ ಫೈಲನ್ನು, ಇಷ್ಟೇ ಕೇಬಲ್‌ಗಳಿರುವ ಇನ್ನೊಂದು ಸರ್ವರ್‌ಗೆ ಕಳಿಸಬೇಕು. ಒಂದೇ ಕೇಬಲ್ ಇದ್ದಾಗ ಸುಮಾರು ಹದಿನಾಲ್ಕೂವರೆ ನಿಮಿಷ ಹಿಡಿಯುತ್ತಿತ್ತು. ಈಗ ಎರಡಿವೆ, ಏಳು ನಿಮಿಷದಲ್ಲಿ ಮುಗಿಯಬೇಕಲ್ಲವೇ? ಗಡಿಯಾರ ನೋಡಿದರೆ ಮತ್ತೆ ಅದೇ ಹದಿನಾಲ್ಕೂವರೆ ನಿಮಿಷ.

ಇನ್ನೊಮ್ಮೆ ಕಳಿಸಿ, ಫೈಲು ಅರ್ಧ ದಾರಿಯಲ್ಲಿರುವಾಗಲೇ ಅದನ್ನು ಹೊತ್ತ ಕೇಬಲನ್ನು ಕಿತ್ತುಬಿಡಿ. ಪೋರ್ಟಿನ ಹಸಿರು ದೀಪ ಆರುತ್ತದೆ. ವರ್ಗಾವಣೆ ಒಂದು ಕ್ಷಣ ತಡವರಿಸಿ ಮತ್ತೆ ಮುಂದುವರಿಯುತ್ತದೆ.

ವೇಗ ಹೆಚ್ಚಲಿಲ್ಲ, ಆದರೆ ಕೆಲಸ ನಿಲ್ಲಲೂ ಇಲ್ಲ. ಹಲವು ಕೇಬಲ್‌ಗಳನ್ನು ಒಂದಾಗಿಸುವ ಈ ವಿಧಾನಕ್ಕೆ ಲಿಂಕ್ ಅಗ್ರಿಗೇಷನ್ ಎಂದು ಹೆಸರು. ಲಿನಕ್ಸ್ ಬಳಸುವವರು ಬಾಂಡಿಂಗ್ ಎನ್ನುತ್ತಾರೆ. ಬಾಂಡ್ ಎಂದರೆ ನಂಟು. ಈ ನಂಟಿನ ಗುಣ ಅರಿಯದೆ ಎರಡನೆಯ ಕೇಬಲಿಗೆ ಖರ್ಚು ಮಾಡಿದವರು ನಿರಾಶರಾಗುತ್ತಾರೆ. ಅರಿತವರಿಗೆ ಅದು ನೆಮ್ಮದಿ ಕೊಡುತ್ತದೆ.

ಸುಮ್ಮನೆ ಇನ್ನೊಂದು ಕೇಬಲ್ ಚುಚ್ಚಿದರೆ ಸಾಲದೇ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಯಾವ ವಿಳಾಸದ ಯಂತ್ರ ಯಾವ ಪೋರ್ಟಿನಲ್ಲಿದೆ ಎಂದು ಸ್ವಿಚ್ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಒಂದೇ ವಿಳಾಸ ಎರಡು ಪೋರ್ಟ್‌ಗಳಲ್ಲಿ ಕಂಡರೆ ಅದು ಗೊಂದಲಕ್ಕೆ ಬಿದ್ದು ಪಟ್ಟಿಯನ್ನು ಮತ್ತೆ ಮತ್ತೆ ತಿದ್ದುತ್ತದೆ. ಎರಡು ಸ್ವಿಚ್‌ಗಳ ನಡುವೆ ಹೀಗೆ ಮಾಡಿದರೆ ಪರಿಣಾಮ ಇನ್ನೂ ಕೆಟ್ಟದು. ಎಲ್ಲರಿಗೂ ತಲುಪಬೇಕಾದ ಸಂದೇಶವೊಂದು ಒಂದು ಕೇಬಲಿನಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತದೆ, ಮತ್ತೆ ಹೋಗುತ್ತದೆ. ಇಷ್ಟು ಸುತ್ತು ಸಾಕು ಎಂದು ನಿಲ್ಲಿಸುವ ಎಣಿಕೆ ಈ ಕೇಬಲ್ ಜಾಲದ ಕ್ರಮವಾದ ಈಥರ್‌ನೆಟ್‌ನಲ್ಲಿ ಇಲ್ಲ. ಕೆಲವೇ ಕ್ಷಣಗಳಲ್ಲಿ ಇಡೀ ಜಾಲ ಉಸಿರುಗಟ್ಟುತ್ತದೆ. ಇದನ್ನು ತಡೆಯಲು ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ನಿಯಮ ರೂಪಿಸಿದರು. ಅದು ಸುತ್ತು ಬರುವ ದಾರಿಯನ್ನು ಗುರುತಿಸಿ ಒಂದು ಕಡೆ ಮುಚ್ಚಿಬಿಡುತ್ತದೆ. ಜಾಲ ಉಳಿಯಿತು ನಿಜ, ಆದರೆ ಎರಡನೆಯ ಕೇಬಲ್ ಕೆಲಸವಿಲ್ಲದೆ ಕೂತಿತು.

ಅದನ್ನೂ ದುಡಿಸುವ ದಾರಿ ಹುಡುಕಿದ್ದು 1990ರ ದಶಕದ ಆರಂಭದಲ್ಲಿ, ಅಮೆರಿಕದ ಸಿಲಿಕಾನ್ ಕಣಿವೆಯ ಒಂದು ಕಂಪನಿ. ಅದರ ಹೆಸರು ನಮಗೆಲ್ಲ ಆಪ್ತವಾದ ಪದ: ಕಲ್ಪನಾ. ಭಾರತ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಅದನ್ನು ಕಟ್ಟಿದವರು. ಏಳು ಪೋರ್ಟ್‌ಗಳ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದ ಈ ಕಂಪನಿಯೇ, ಹಲವು ಕೇಬಲ್‌ಗಳನ್ನು ಒಂದೇ ಕೇಬಲ್ ಎಂಬಂತೆ ಕಾಣಿಸುವ ಈಥರ್‌ಚಾನೆಲ್ ತಂತ್ರವನ್ನೂ ರೂಪಿಸಿತು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು. ಬೇರೆ ಬೇರೆ ಕಂಪನಿಗಳ ಯಂತ್ರಗಳೂ ಒಂದಕ್ಕೊಂದು ಹೊಂದಿಕೊಳ್ಳಬೇಕೆಂದು 2000ದಲ್ಲಿ 802.3ಎಡಿ ಎಂಬ ಸಾರ್ವತ್ರಿಕ ಮಾನಕ ಬಂತು. ಈಗ ಅದು 802.1ಎಎಕ್ಸ್ ಎಂಬ ಹೆಸರಿನಲ್ಲಿದೆ.

ಇನ್ನು ಆ ಹದಿನಾಲ್ಕೂವರೆ ನಿಮಿಷದ ಒಗಟಿಗೆ ಬರೋಣ. ನಮ್ಮ ಫೈಲು ಸುಮಾರು 6.8 ಕೋಟಿ ಪುಟ್ಟ ಪ್ಯಾಕೆಟ್‌ಗಳಾಗಿ ಹರಿಯುತ್ತದೆ. ಒಂದು ಪ್ಯಾಕೆಟನ್ನು ಕೇಬಲಿಗೆ ಇಳಿಸಲು ಬೇಕಾದ ಹೊತ್ತು ಸೆಕೆಂಡಿನ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲು. ಒಂದು ಪ್ಯಾಕೆಟ್ ಈ ಕೇಬಲಿಗೆ, ಮುಂದಿನದು ಆ ಕೇಬಲಿಗೆ ಎಂದು ಹಂಚಿದರೆ ವೇಗ ಇಮ್ಮಡಿಯಾಗಲೇಬೇಕು ಎಂದು ಯಾರಿಗಾದರೂ ತೋಚುತ್ತದೆ. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಮಾಡಿದ್ದು ಇದನ್ನೇ. ಅಂಗಡಿಯಲ್ಲಿ ಸಿಗುವ 16 ಸಾಮಾನ್ಯ ಕಂಪ್ಯೂಟರ್‌ಗಳನ್ನು ಹೆಣೆದು ಅವರು ಬಿಯೋವುಲ್ಫ್ ಎಂಬ ಕಂಪ್ಯೂಟರ್ ಗುಂಪನ್ನು ಕಟ್ಟುತ್ತಿದ್ದರು. ಆಗಿನ 10 ಮೆಗಾಬಿಟ್ ಈಥರ್‌ನೆಟ್ ಸಾಲುತ್ತಿರಲಿಲ್ಲ, ಸ್ವಿಚ್‌ಗಳೋ ಬಲು ದುಬಾರಿ. ಬೆಕರ್ ಸಾಫ್ಟ್‌ವೇರ್ ಬರೆದು ಪ್ಯಾಕೆಟ್‌ಗಳನ್ನು ಎರಡು ಜಾಲಗಳಿಗೆ ಸರದಿಯಂತೆ ಹಂಚಿದರು. ಲಿನಕ್ಸ್‌ನ ಬಾಂಡಿಂಗ್ ಬೆಳೆದದ್ದು ಅಲ್ಲಿಂದಲೇ.

ಸರದಿ ಹಂಚಿಕೆಗೆ ಒಂದು ದೋಷವಿದೆ. ಎರಡು ದಾರಿ ಹಿಡಿದ ಪ್ಯಾಕೆಟ್‌ಗಳು ಹೊರಟ ಕ್ರಮದಲ್ಲೇ ತಲುಪುತ್ತವೆಂಬ ಖಾತ್ರಿ ಇಲ್ಲ. ನಾಲ್ಕನೆಯ ಪ್ಯಾಕೆಟಿಗಾಗಿ ಕಾಯುತ್ತಿರುವ ಯಂತ್ರಕ್ಕೆ ಐದು, ಆರು, ಏಳು ಮೊದಲು ಬಂದವೆನ್ನಿ. ಒಂದೊಂದು ಬಂದಾಗಲೂ ಅದು "ನನಗಿನ್ನೂ ನಾಲ್ಕು ಬೇಕು" ಎಂದು ಹೇಳಿ ಕಳಿಸುತ್ತದೆ. ಹೀಗೆ ಮೂರು ಸಲ ಕೇಳಿದ ಕಳಿಸುವ ಯಂತ್ರ, ನಾಲ್ಕು ದಾರಿಯಲ್ಲೇ ಕಳೆದುಹೋಯಿತೆಂದು ತಿಳಿದು ಮತ್ತೆ ಕಳಿಸುತ್ತದೆ. ದಾರಿಯಲ್ಲಿ ದಟ್ಟಣೆಯಿರಬೇಕೆಂದು ತನ್ನ ವೇಗವನ್ನೂ ತಗ್ಗಿಸುತ್ತದೆ. ವೇಗಕ್ಕೆಂದು ಮಾಡಿದ ಏರ್ಪಾಟೇ ವೇಗವನ್ನು ತಿನ್ನುತ್ತದೆ.

ಮದುವೆಯ ದಿಬ್ಬಣಕ್ಕೆ ಎರಡು ಬಸ್ಸು ಗೊತ್ತುಮಾಡಿದಾಗ ಮನೆಯ ಹಿರಿಯರು ಒಂದು ಮಾತು ಹೇಳುತ್ತಾರೆ: ಒಂದು ಮನೆಯವರೆಲ್ಲ ಒಂದೇ ಬಸ್ಸು ಹತ್ತಿ. ಅಪ್ಪ ಒಂದರಲ್ಲಿ, ಮಗು ಇನ್ನೊಂದರಲ್ಲಿ ಆದರೆ ಛತ್ರದ ಬಾಗಿಲಲ್ಲಿ ಹುಡುಕಾಟ ತಪ್ಪಿದ್ದಲ್ಲ. ಮಾನಕ ಹೇಳುವುದೂ ಇದನ್ನೇ. ಎರಡು ಯಂತ್ರಗಳ ನಡುವಿನ ಒಂದು ಮಾತುಕತೆಯ ಪ್ಯಾಕೆಟ್‌ಗಳ ಕ್ರಮ ಕೆಡಬಾರದು, ಅದಕ್ಕಾಗಿ ಅವೆಲ್ಲ ಒಂದೇ ಕೇಬಲಿನಲ್ಲಿ ಸಾಗಬೇಕು. ಪಕ್ಕದ ಬಸ್ಸು ಖಾಲಿಯಿದ್ದರೂ ನಮ್ಮ ಫೈಲು ಅದನ್ನು ಹತ್ತದಿರಲು ಕಾರಣ ಇದು. ಒಬ್ಬರ ಬದಲು ನಲವತ್ತು ಮಂದಿ ಆ ಸರ್ವರ್ ಬಳಸುತ್ತಿದ್ದರೆ ಎರಡೂ ಬಸ್ಸು ತುಂಬುತ್ತವೆ. ಲಾಭ ಕಾಣುವುದು ಆಗ.

ಯಾರು ಯಾವ ಕೇಬಲ್ ಎಂದು ತೀರ್ಮಾನಿಸುವ ಲೆಕ್ಕವನ್ನು ಹ್ಯಾಶ್ ಎನ್ನುತ್ತಾರೆ. ಅದರ ಸರಳ ರೂಪವನ್ನು ಬೆರಳೆಣಿಕೆಯಲ್ಲೇ ಮಾಡಿನೋಡಬಹುದು. ಸರ್ವರ್‌ನ ವಿಳಾಸ 10ರಿಂದ ಮುಗಿಯುತ್ತದೆ ಎನ್ನಿ. ಕೇಳುವ ಕಂಪ್ಯೂಟರ್‌ನ ವಿಳಾಸ 22 ಆದರೆ ಎರಡೂ ಸಮಸಂಖ್ಯೆ, ಮೊದಲ ಕೇಬಲ್. 21 ಆದರೆ ಒಂದು ಸಮ, ಒಂದು ಬೆಸ, ಎರಡನೆಯ ಕೇಬಲ್. 23ಕ್ಕೂ ಎರಡನೆಯದೇ. ಎಷ್ಟು ಸಲ ಲೆಕ್ಕ ಹಾಕಿದರೂ ಉತ್ತರ ಬದಲಾಗದ್ದರಿಂದ ಒಂದು ಮನೆಯವರು ಎಂದೂ ಚದುರುವುದಿಲ್ಲ. ಸರ್ವರ್ ತಾನು ಕಳಿಸುವುದಕ್ಕೆ, ಸ್ವಿಚ್ ತಾನು ಕಳಿಸುವುದಕ್ಕೆ ಬೇರೆ ಬೇರೆಯಾಗಿ ಈ ಲೆಕ್ಕ ಮಾಡುತ್ತವೆ.

ಲೆಕ್ಕಕ್ಕೆ ಯಾವ ವಿಳಾಸ ತೆಗೆದುಕೊಳ್ಳುತ್ತೇವೆ ಎಂಬುದರಲ್ಲಿ ಅನೇಕರು ಎಡವುತ್ತಾರೆ. ಬಳಕೆದಾರರೆಲ್ಲ ಹೊರಗಿನಿಂದ ಒಂದೇ ರೂಟರ್ ಮೂಲಕ ಬರುತ್ತಿದ್ದರೆ, ನೆಟ್‌ವರ್ಕ್ ಕಾರ್ಡಿನ ವಿಳಾಸ ಎಂದು ಸರ್ವರ್‌ಗೆ ಕಾಣುವುದು ರೂಟರ್‌ನದು ಮಾತ್ರ. ನೂರು ಜನರಿದ್ದರೂ ಲೆಕ್ಕದ ಪ್ರಕಾರ ಎಲ್ಲರೂ ಒಂದೇ ಮನೆಯವರು, ಒಂದೇ ಬಸ್ಸಿಗೆ ನೂಕುನುಗ್ಗಲು. ಐಪಿ ವಿಳಾಸ ಮತ್ತು ಸಂಪರ್ಕದ ಪೋರ್ಟ್ ಸಂಖ್ಯೆಯನ್ನೂ (ಇದು ಸ್ವಿಚ್ಚಿನ ಪೋರ್ಟ್ ಅಲ್ಲ) ಲೆಕ್ಕಕ್ಕೆ ಸೇರಿಸಿದರೆ ಮನೆಗಳು ಬೇರೆಬೇರೆಯಾಗಿ ಕಾಣುತ್ತವೆ, ಹೊರೆ ಹಂಚಿಹೋಗುತ್ತದೆ.

ನಂಟು ಉಳಿಯಬೇಕಾದರೆ ಎರಡೂ ಕಡೆಯವರ ಒಪ್ಪಿಗೆ ಬೇಕು. ಅದಕ್ಕಾಗಿ ಎಲ್‌ಎಸಿಪಿ ಎಂಬ ಕ್ರಮವಿದೆ. ಸರ್ವರ್ ಮತ್ತು ಸ್ವಿಚ್ ಪ್ರತಿ ಕೇಬಲಿನಲ್ಲೂ 30 ಸೆಕೆಂಡಿಗೊಮ್ಮೆ, ಬೇಕೆಂದರೆ ಸೆಕೆಂಡಿಗೊಮ್ಮೆ, "ನಾನು ಇಂಥವನು, ಈ ಗುಂಪಿನವನು" ಎಂದು ಪುಟ್ಟ ಸಂದೇಶ ಕಳಿಸುತ್ತವೆ. ಮೂರು ಸರದಿಯಷ್ಟು ಹೊತ್ತು ಸಂದೇಶ ಬಾರದಿದ್ದರೆ ಆ ಕೇಬಲನ್ನು ಗುಂಪಿನಿಂದ ಹೊರಗಿಡುತ್ತವೆ. ದೀಪ ಉರಿಯುತ್ತಿದ್ದ ಮಾತ್ರಕ್ಕೆ ದಾರಿ ಸರಿಯಿದೆ ಎನ್ನಲಾಗದು. ನಡುವೆ ಇನ್ನೊಂದು ಸಾಧನವಿದ್ದು ಅದರಾಚೆ ತಂತಿ ತುಂಡಾಗಿದ್ದರೂ ಈ ಬದಿಯ ದೀಪ ಉರಿಯುತ್ತಲೇ ಇರುತ್ತದೆ. ಅಂಥ ಸುಳ್ಳು ದೀಪವನ್ನು ಪತ್ತೆ ಹಚ್ಚುವುದು ಈ ಕುಶಲಪ್ರಶ್ನೆಯೇ.

ಲಿನಕ್ಸ್ ಸರ್ವರ್‌ನಲ್ಲಿ ಬಾಂಡಿನ ಸ್ಥಿತಿ ಹೇಳುವ ಪುಟ್ಟ ಫೈಲೊಂದಿದೆ. ಅದನ್ನು ತೆರೆದು 'ಪಾರ್ಟ್ನರ್ ಮ್ಯಾಕ್ ಅಡ್ರೆಸ್' ಎಂಬ ಸಾಲು ಹುಡುಕಿ. ಅಲ್ಲಿ ಸ್ವಿಚ್ಚಿನ ವಿಳಾಸ ಕಂಡರೆ ನಂಟು ಕೂಡಿದೆ. ಬರೀ ಸೊನ್ನೆಗಳ ಸಾಲು ಕಂಡರೆ ಆಚೆಯಿಂದ ಯಾರೂ ಓಗೊಟ್ಟಿಲ್ಲ ಎಂದರ್ಥ. ಎರಡು ದೀಪ ಉರಿಯುತ್ತಿದ್ದರೂ ಕೆಲಸಕ್ಕೆ ಒದಗುವುದು ಒಂದೇ ಕೇಬಲ್. ಸ್ವಿಚ್ಚಿನ ಬದಿಯಲ್ಲಿ ಗುಂಪು ಕಟ್ಟಲು ಮರೆತಾಗ ಹೀಗಾಗುತ್ತದೆ. ಯಾರೂ ಈ ಸಾಲನ್ನು ನೋಡದಿದ್ದರೆ ವರ್ಷಗಟ್ಟಲೆ ಗೊತ್ತಾಗದೆಯೂ ಉಳಿಯಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಎರಡನೆಯ ಕೇಬಲ್ ಹಾಕಿದ ದಿನವೇ, ಕಚೇರಿ ಖಾಲಿಯಾದ ಮೇಲೆ, ಒಂದೊಂದನ್ನೇ ಕಿತ್ತು ನೋಡಿ. ಸೆಕೆಂಡಿನ ಹತ್ತನೆಯ ಒಂದು ಪಾಲಿಗೊಮ್ಮೆ ತಪಾಸಣೆ ಇಟ್ಟಿದ್ದರೆ ಸರ್ವರ್ ಕೇಬಲ್ ಹೋದದ್ದನ್ನು ಥಟ್ಟನೆ ಅರಿಯುತ್ತದೆ. ಅದರ ಪಾಲಿನ ಮಾತುಕತೆಗಳನ್ನು ಉಳಿದದ್ದಕ್ಕೆ ದಾಟಿಸುತ್ತದೆ. ಆ ಗಳಿಗೆಯಲ್ಲಿ ಕಳೆದ ಪ್ಯಾಕೆಟ್‌ಗಳು ಮತ್ತೆ ಬರುತ್ತವೆ. ಬಳಸುತ್ತಿರುವವರಿಗೆ ಏನೂ ತಿಳಿಯುವುದಿಲ್ಲ. ಅದೇ ಪುಟ್ಟ ಫೈಲಿನಲ್ಲಿ, ಆ ಕೇಬಲ್ ಎಷ್ಟು ಸಲ ಕೈಕೊಟ್ಟಿತೆಂದು ಎಣಿಸುವ ಸಾಲಿನಲ್ಲಿ, ಸೊನ್ನೆ ಇದ್ದಲ್ಲಿ 1 ಕಾಣುತ್ತದೆ. ಕೇಬಲನ್ನು ಮತ್ತೆ ಚುಚ್ಚಿ, ಹಸಿರು ದೀಪ ಹೊತ್ತಿದ್ದನ್ನು ನೋಡಿ, ಬಾಗಿಲು ಹಾಕಿಕೊಂಡು ಮನೆಗೆ ಹೋಗಿ. ಇನ್ನೊಂದು ದಿನ ನಡುರಾತ್ರಿ ಅದು ತಾನಾಗಿ ಕೈಕೊಟ್ಟರೆ ನೀವು ಎದ್ದು ಓಡಬೇಕಾಗಿಲ್ಲ, ಬೆಳಿಗ್ಗೆ ಹೋಗಿ ಬದಲಿಸಿದರಾಯಿತು.