ಸ್ವಾಮಿಮಲೈ: ಎರಕ ಕಲಿಯುವವರು ಮೊದಲು ನೋಡಬೇಕಾದ ಹಿತ್ತಲು

ತಮಿಳುನಾಡಿನ ಕುಂಭಕೋಣದಿಂದ ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಸ್ವಾಮಿಮಲೈ. ಮುರುಗನ ಗುಡಿಗೆ ಬರುವವರೇ ಇಲ್ಲಿ ಹೆಚ್ಚು. ನಾನು ಹೋಗಿದ್ದು ಸ್ಥಪತಿಗಳ ಮನೆಗೆ. ಮುಂದಿನ ಕೋಣೆಯಲ್ಲಿ ವಿಗ್ರಹಗಳ ಸಾಲು, ಹಿತ್ತಲಲ್ಲಿ ಕುಲುಮೆ.

ಮನೆಯಲ್ಲೇ ತಾಮ್ರ ಕರಗಿಸಿ ಎರಕ ಹೊಯ್ಯುವ ಹುಮ್ಮಸ್ಸು ಈಗ ಹಲವರಿಗಿದೆ. ಪುಟ್ಟ ಗ್ಯಾಸ್ ಕುಲುಮೆಯೂ ಗ್ರಾಫೈಟ್ ಮೂಸೆಯೂ ಸುಲಭವಾಗಿ ಸಿಗುತ್ತವೆ. ಅವನ್ನು ಕೊಳ್ಳುವ ಮೊದಲು ಇಂಥದೊಂದು ಹಿತ್ತಲಲ್ಲಿ ಒಂದು ದಿನ ನಿಂತು ನೋಡಬೇಕು. ಎರಕದಲ್ಲಿ ಬೆಂಕಿಯದು ಸಣ್ಣ ಪಾಲು, ಮಣ್ಣು ಒಣಗಿಸುವುದೇ ದೊಡ್ಡ ಕೆಲಸ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಮೊದಲು ಮೇಣ. ಜೇನುಮೇಣಕ್ಕೆ ರಾಳ, ಎಣ್ಣೆ ಬೆರೆಸಿ ಹದ ಮಾಡಿ, ಬೆಚ್ಚಗಿರುವಾಗಲೇ ಬೆರಳಲ್ಲಿ ಒತ್ತಿ ಮೂರ್ತಿ ತಿದ್ದುತ್ತಾರೆ. ಸಿದ್ಧವಾದ ಮೇಣವನ್ನು ತೂಗಿದರೆ ಎಷ್ಟು ಲೋಹ ಬೇಕೆಂದು ಗೊತ್ತಾಗುತ್ತದೆ: ತಾಮ್ರವಾದರೆ ಮೇಣದ ಒಂಬತ್ತು ಪಟ್ಟಿನ ಆಸುಪಾಸು. ಈ ತೂಕದ ಲೆಕ್ಕ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೂ ಇದೆ. 12ನೇ ಶತಮಾನದ ಗ್ರಂಥ ಅದು.

ಆಮೇಲೆ ಮಣ್ಣು. ಕೊಡಗಿನಲ್ಲಿ ಹುಟ್ಟಿದ ಕಾವೇರಿ ಇಲ್ಲಿ ನುಣುಪಾದ ಮೆಕ್ಕಲು ಬಿಟ್ಟಿದ್ದಾಳೆ. ಮೇಣದ ಮೇಲಿನ ಮೊದಲ ಲೇಪ ಅದರದೇ. ನಾನು ನೋಡಿದ ಒಂದು ಅಚ್ಚಿನ ಒಡೆದ ಚೂರಿನಲ್ಲಿ ಕೆಲಸಗಾರನ ಹೆಬ್ಬೆರಳ ಗೆರೆಗಳು ಒಂದೂ ಬಿಡದೆ ಮೂಡಿದ್ದವು. ಮಣ್ಣು ಅಷ್ಟು ಹಿಡಿದಿಟ್ಟರೆ ಲೋಹವೂ ಅಷ್ಟನ್ನೇ ತೋರಿಸುತ್ತದೆ. ಮೊದಲ ಲೇಪವನ್ನು ನೆರಳಲ್ಲಿ ಒಣಗಿಸಿ, ಮೇಲೆ ಮರಳು ಬೆರೆಸಿದ ಒರಟು ಮಣ್ಣು ಮೆತ್ತಿ, ತಂತಿ ಬಿಗಿಯುತ್ತಾರೆ. ಅವಸರ ಪಡಿಸಲು ಇಲ್ಲಿ ಯಾವ ದಾರಿಯೂ ಇಲ್ಲ.

ಹೊಯ್ಯುವ ದಿನ ಅಚ್ಚನ್ನು ಬೆರಣಿ ಬೆಂಕಿಯಲ್ಲಿ ಸುಡುತ್ತಾರೆ. ಮೇಣ ಕರಗಿ ಇಳಿದುಹೋಗುತ್ತದೆ, ಉಳಿದ ತೇವವೂ ಹಾರುತ್ತದೆ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕರಗಿದ ಲೋಹದಡಿ ಒಂದು ಹನಿ ಸಿಕ್ಕಿದರೂ ಲೋಹ ಮುಖಕ್ಕೆ ಸಿಡಿಯುತ್ತದೆ. ಇವರು ಕೆಲಸ ಮಾಡುವುದು ಒಣ ಮಣ್ಣಿನ ನೆಲದ ಮೇಲೆ. ಮನೆಯ ಟೆರೇಸಿನ ಕಾಂಕ್ರೀಟ್ ಮೇಲೆ ಈ ಕೆಲಸ ಬೇಡವೇ ಬೇಡ: ಅದರೊಳಗೂ ನೀರಿದೆ, ಲೋಹ ಚೆಲ್ಲಿದರೆ ಸಿಡಿದು ಚಕ್ಕೆ ಏಳುತ್ತದೆ.

ಬಿಸಿ ಅಚ್ಚನ್ನು ಬಾಯಿ ಮೇಲಾಗಿ ಗುಂಡಿಯಲ್ಲಿ ಹೂತು, ಇಬ್ಬರು ಇಕ್ಕಳದಲ್ಲಿ ಮೂಸೆ ಎತ್ತಿದರು. ಸಣ್ಣ ಧಾರೆ, ಎಲ್ಲೂ ತುಂಡಾಗದಂತೆ. ಮಾತಿಲ್ಲ. ನೋಡುನೋಡುತ್ತಲೇ ಮುಗಿಯಿತು.

ಮೂಸೆಯಲ್ಲಿದ್ದದ್ದು ಬರೀ ತಾಮ್ರವಲ್ಲ. ಹಿತ್ತಾಳೆಯೂ ಸ್ವಲ್ಪ ಸೀಸವೂ ಸೇರಿತ್ತು. ಹೊಸಬರು ಇದನ್ನು ಗಮನಿಸಬೇಕು. ಶುದ್ಧ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಕರಗಿದ ಮೇಲೂ ಮಂದವಾಗಿ ಹರಿಯುತ್ತದೆ, ಅನಿಲ ಹೀರಿಕೊಂಡು ಗಟ್ಟಿಯಾಗುವಾಗ ಒಳಗೆಲ್ಲ ತೂತು ಬೀಳುತ್ತದೆ. ಮೇಲೆ ಇದ್ದಿಲ ಪುಡಿ ಹರಡಿದರೆ ಆಮ್ಲಜನಕಕ್ಕಾದರೂ ತಡೆ. ನೂರಕ್ಕೆ ಹತ್ತರಷ್ಟು ತವರ ಬೆರೆಸಿದರೆ ಸುಮಾರು 1000 ಡಿಗ್ರಿಗೇ ನೀರಾಗಿ ಅಚ್ಚಿನ ಮೂಲೆಮೂಲೆ ತುಂಬುತ್ತದೆ. ಕಲಿಕೆಗೆ ಈ ಕಂಚೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಹಿತ್ತಾಳೆ ಬೇಡ, ಅದರಲ್ಲಿನ ಸತು 907 ಡಿಗ್ರಿಗೇ ಕುದಿಯುತ್ತದೆ, ಆ ಬಿಳಿ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಸೀಸದ ಹೊಗೆ ಅದಕ್ಕಿಂತ ಕೆಟ್ಟದ್ದು. ಹಳೇ ವೈರುಗಳ ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೆಯುವುದಂತೂ ಕೂಡದು, ಸುಲಿದೇ ತೆಗೆಯಬೇಕು.

ಎರಕ ದಿನವೂ ನಡೆಯುವುದಿಲ್ಲ. ಹೋಗುವವರು ಹೊಯ್ಯುವ ದಿನ ಮೊದಲೇ ಕೇಳಿಕೊಳ್ಳಿ, ಹತ್ತಿಬಟ್ಟೆ ತೊಟ್ಟು ಹೋಗಿ, ಗಾಳಿ ಬೆನ್ನಿಗಿರುವಂತೆ ನಿಲ್ಲಿ. ಅಚ್ಚು ಒಡೆದ ಮೇಲೂ ಅರ, ಉಳಿ ಹಿಡಿದ ಕೆಲಸ ವಾರಗಟ್ಟಲೆ ಇರುತ್ತದೆ. ಅದನ್ನು ಯಾವ ದಿನ ಹೋದರೂ ನೋಡಬಹುದು.